ವೇಲ್ಸಿನ ಎಸ್ಟೇಟ್ ಮನೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

19ನೇ ಶತಮಾನದಲ್ಲಿ ವೇಲ್ಸಿನ ಹಳ್ಳಿಗಾಡಿನ ದೊಡ್ಡ ಜಮೀನ್ದಾರರು ತಮ್ಮ ಒಕ್ಕಲುಗಳಿಗೂ ಕೂಲಿಯವರಿಗೂ ಕಟ್ಟಿಸಿದ ಮನೆಗಳ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಥ ಮನೆಗಳಲ್ಲಿ ಈಗ ವಾಸವಿರುವ ಕನ್ನಡಿಗರ ಪ್ರಶ್ನೆಗಳೂ ಇವುಗಳಲ್ಲಿ ಸೇರಿವೆ.

ಪ್ರಶ್ನೆ: ವೇಲ್ಸಿನ ‘ಎಸ್ಟೇಟ್ ಕಾಟೇಜ್’ ಅಂದರೆ ನಮ್ಮ ಕಾಫಿ ತೋಟದ ಲೈನ್ ಮನೆಯಂಥದ್ದೇ? (ಓದುಗರು, ಚಿಕ್ಕಮಗಳೂರು)

ಹೆಸರು ಒಂದೇ, ವ್ಯವಸ್ಥೆ ಬೇರೆ. ಕಾಫಿ ಎಸ್ಟೇಟಿನಲ್ಲಿ ಮಾಲೀಕನೇ ಕೂಲಿ ಕೊಟ್ಟು ಬೆಳೆ ತೆಗೆಯುತ್ತಾನೆ. ಲೈನ್ ಎಂದರೆ ಒಂದೇ ಸೂರಿನಡಿ ಸಾಲಾಗಿ ಎಳೆದ ಕೋಣೆಗಳು. ವೇಲ್ಸಿನ ಎಸ್ಟೇಟ್ ಸಾವಿರಾರು ಎಕರೆಯದು, ಹಲವು ಹಳ್ಳಿಗಳಿಗೆ ಹಬ್ಬಿದ್ದು. ಜಮೀನ್ದಾರ ಬಂಗಲೆಯ ಸುತ್ತಲಿನ ಹೊಲವನ್ನು ಮಾತ್ರ ತಾನು ಮಾಡಿಸಿ, ಉಳಿದದ್ದನ್ನು ಗೇಣಿಗೆ ಕೊಡುತ್ತಿದ್ದ. ಒಕ್ಕಲಿಗೆ ಹೊಲದ ಜೊತೆಗೆ ಮನೆ ಮತ್ತು ಕೊಟ್ಟಿಗೆ, ಎಸ್ಟೇಟಿನ ಬಡಗಿ, ಮೇಸ್ತ್ರಿ, ಕಾವಲುಗಾರನಿಗೆ ಸಣ್ಣ ಮನೆ.

ಅದಕ್ಕೆ ಮುಂಚೆ ಕೂಲಿಯವರು ಎಂಥ ಮನೆಯಲ್ಲಿದ್ದರು ಎಂಬುದು ತಿಳಿಯದೆ ಈ ಮನೆಗಳ ಬೆಲೆ ತಿಳಿಯುವುದಿಲ್ಲ. ಪಶ್ಚಿಮ ವೇಲ್ಸಿನಲ್ಲಿ ‘ಕ್ಲೋಮ್’ ಎಂಬ ಮಣ್ಣಿನ ಗೋಡೆ: ಜೇಡಿ, ಹುಲ್ಲು, ಸಣ್ಣ ಕಲ್ಲು ತುಳಿದು ಏರಿಸಿದ್ದು. ಮೇಲೆ ಹುಲ್ಲಿನ ಮಾಡು. ಒಳಗೆ ಒಂದೇ ಕೋಣೆ, ಅದರ ಅರ್ಧದ ಮೇಲೆ ಏಣಿ ಹಾಕಿ ಹತ್ತುವ ಅಟ್ಟ. ಅದಕ್ಕೆ ‘ಕ್ರೋಗ್‌ಲಾಫ್ಟ್’ ಎನ್ನುತ್ತಾರೆ. ಇಡೀ ಕುಟುಂಬ ಅಷ್ಟರಲ್ಲೇ ಮಲಗಬೇಕು.

ಸುಧಾರಕ ಜಮೀನ್ದಾರರು ಕಟ್ಟಿಸಿದ್ದು ಸಾಮಾನ್ಯವಾಗಿ ಜೋಡಿ ಮನೆ. ನಡುಗೋಡೆ ಒಂದೇ, ಎರಡೂ ಮನೆಯ ಹೊಗೆಗೂಡು ಆ ನಡುಗೋಡೆಯಲ್ಲೇ. ಇಟ್ಟಿಗೆಯೂ ಉಳಿಯಿತು, ಒಲೆಯ ಕಾವೂ ಹೊರಗೋಡೆಗೆ ಸೋರದೆ ಮನೆಯೊಳಗೇ ನಿಂತಿತು. ಕೆಳಗೆ ಒಲೆಯಿರುವ ವಾಸದ ಕೋಣೆ, ಹಿಂದೆ ಪಾತ್ರೆ ಬಟ್ಟೆ ತೊಳೆಯುವ ಜಾಗ, ತಂಪಿರುವ ಉತ್ತರ ಮಗ್ಗುಲಲ್ಲಿ ಉಗ್ರಾಣ. ಮಹಡಿಯಲ್ಲಿ ಮೂರು ಮಲಗುವ ಕೋಣೆ: ತಂದೆ ತಾಯಿಗೆ ಒಂದು, ಗಂಡು ಮಕ್ಕಳಿಗೆ ಒಂದು, ಹೆಣ್ಣು ಮಕ್ಕಳಿಗೆ ಒಂದು. ಈ ಮೂರು ಕೋಣೆಗಾಗಿ ಆ ಕಾಲದ ವಸತಿ ಸುಧಾರಕರು ಪಟ್ಟು ಹಿಡಿದಿದ್ದರು. ಹಿತ್ತಲಲ್ಲಿ ತರಕಾರಿ ಮಡಿ, ಹಂದಿಗೂಡು, ಕಕ್ಕಸು.

ಪ್ರಶ್ನೆ: ಕೂಲಿಯವನು ಕೊಡುವ ಬಾಡಿಗೆಯಲ್ಲಿ ಕಟ್ಟಿದ ಖರ್ಚು ಹುಟ್ಟುವುದಿಲ್ಲ. ಮತ್ತೇಕೆ ಕಟ್ಟಿಸಿದರು? (ಓದುಗರು, ಹಾಸನ)

ಖರ್ಚು ಹುಟ್ಟುತ್ತಿರಲಿಲ್ಲ ಎಂಬುದು ಜಮೀನ್ದಾರರಿಗೂ ಗೊತ್ತಿತ್ತು. ಗಟ್ಟಿ ಕೆಲಸಗಾರ ಪೇಟೆಗೋ ಗಣಿಗೋ ಹೋಗದೆ ಊರಲ್ಲೇ ನಿಲ್ಲಲಿ, ಒಳ್ಳೆಯ ಒಕ್ಕಲು ಸಿಗಲಿ ಎಂಬುದು ಅವರ ಲೆಕ್ಕ. ಪಕ್ಕದ ಜಮೀನ್ದಾರನೆದುರು ಹೆಸರು ಬೇಕೆಂಬುದೂ ಇತ್ತು.

ಕಾನೂನಿನ ಬದಲಾವಣೆಗಳೂ ದಾರಿ ಮಾಡಿಕೊಟ್ಟವು. ಗಾಜಿನ ಸುಂಕ 1845ರಲ್ಲಿ, ಇಟ್ಟಿಗೆಯ ಸುಂಕ 1850ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ಹೋದವು. ಅದಕ್ಕಿಂತ ಮುಖ್ಯವಾದದ್ದು 1865ರ ಕಾಯಿದೆ. ಅಲ್ಲಿಯವರೆಗೆ ಒಂದೊಂದು ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು, ತನ್ನ ಬಡವರನ್ನು ತನ್ನ ತೆರಿಗೆಯಲ್ಲಿ ತಾನೇ ಸಾಕಬೇಕಿತ್ತು. ಹಾಗಾಗಿ ಕೂಲಿಯವರಿಗೆ ಮನೆಯನ್ನೇ ಕಟ್ಟದಿರುವುದು, ಇದ್ದದ್ದನ್ನೂ ಕೆಡವುವುದು ಜಮೀನ್ದಾರನಿಗೆ ಲಾಭವಾಗಿತ್ತು. 1865ರಲ್ಲಿ ಆ ಭಾರ ಹಲವು ಪ್ಯಾರಿಷ್‌ಗಳ ಒಕ್ಕೂಟದ ಮೇಲೆ ಹಂಚಿಹೋಯಿತು. ಮನೆ ಕೆಡವಿ ತೆರಿಗೆ ಉಳಿಸುವ ದಾರಿ ಅಲ್ಲಿಗೆ ಮುಚ್ಚಿತು.

ದುಡ್ಡು ಎಲ್ಲಿಂದ ಬಂತು ಎಂದೂ ಕೇಳಬೇಕು. ವೆಲ್ಶ್‌ಪೂಲ್ ಎದುರು, ಸೆವರ್ನ್ ನದಿಯ ಆಚೆ ದಡದ ಲೇಟನ್ ಎಸ್ಟೇಟನ್ನು ಕಟ್ಟಿ ಬೆಳೆಸಿದ ಜಾನ್ ನೇಲರ್ ಲಿವರ್‌ಪೂಲಿನ ಬ್ಯಾಂಕ್ ಮನೆತನದವರು. ಎಸ್ಟೇಟ್ ಅವರಿಗೆ ಬಂದದ್ದು ಚಿಕ್ಕಪ್ಪನ ಮನೆಯಿಂದ ಮದುವೆಯ ಉಡುಗೊರೆಯಾಗಿ, 1840ರ ದಶಕದ ಕೊನೆಯಲ್ಲಿ. ಉತ್ತರದ ಪೆನ್ರಿನ್ ಎಸ್ಟೇಟಿನ ಸಂಪತ್ತು ಜಮೈಕಾದ ಸಕ್ಕರೆ ತೋಟಗಳದು, ಅಂದರೆ ಗುಲಾಮರ ದುಡಿಮೆಯದು. ಆಮೇಲಿನದು ಬೆಥೆಸ್ಡಾದ ಸ್ಲೇಟು ಗಣಿಯದು. ಬಂಗಲೆ, ಮಾದರಿ ತೋಟ, ಮನೆಗಳು ಎಲ್ಲವೂ ಇಂಥ ಹೊರಗಿನ ಹಣದಲ್ಲಿ ಎದ್ದವು. ಬರೀ ಗೇಣಿಯನ್ನೇ ನಂಬಿದ್ದ ಸಣ್ಣ ಜಮೀನ್ದಾರರ ಊರುಗಳಲ್ಲಿ ಹಳೆಯ ಗುಡಿಸಲುಗಳೇ ಉಳಿದವು.

ಪ್ರಶ್ನೆ: 1870ರ ದಶಕದಲ್ಲೇ ವೇಲ್ಸಿನ ಹಳ್ಳಿಯೊಂದರಲ್ಲಿ ಕಾಂಕ್ರೀಟ್ ಮನೆ ಕಟ್ಟಿದ್ದರೆಂದು ಓದಿದೆ. ಕಬ್ಬಿಣ ಹಾಕದೆ ಹೇಗೆ ನಿಂತಿವೆ? (ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಆ ಹಳ್ಳಿ ಮಾಂಟ್ಗೊಮರಿಶೈರಿನ ಟ್ರೆಗನನ್. ಗ್ರೆಗನಾಗ್ ಎಸ್ಟೇಟಿನ ಹ್ಯಾನ್ಬರಿ-ಟ್ರೇಸಿ ಮನೆತನದವರು ಅಲ್ಲಿ ಒಕ್ಕಲುಗಳ ಮನೆಗಳನ್ನೂ ಶಾಲೆಯನ್ನೂ ಕಾಂಕ್ರೀಟಿನಲ್ಲಿ ಕಟ್ಟಿಸಿದರು. ತಮ್ಮ ಬಂಗಲೆಯ ಮುಖಕ್ಕೂ ಕಾಂಕ್ರೀಟನ್ನೇ ಹಾಕಿಸಿ, ಅದರ ಮೇಲೆ ಮರದ ಚೌಕಟ್ಟಿನ ಮನೆಯಂತೆ ಕಪ್ಪು ಬಿಳುಪು ಬಣ್ಣ ಹೊಡೆಸಿದರು. ನೂರೈವತ್ತು ವರ್ಷವಾದರೂ ಅವು ನಿಂತಿರುವುದು ಈ ಮನೆಗಳ ಬಗ್ಗೆ ನಮಗೆ ಅತಿ ಮೆಚ್ಚುಗೆಯಾಗುವ ಸಂಗತಿ.

ಕಬ್ಬಿಣ ಇಲ್ಲದೆ ನಿಂತಿರಲು ಕಾರಣ ಸರಳ. ಗೋಡೆಯ ಮೇಲೆ ಬೀಳುವುದು ಒತ್ತುವ ಭಾರ ಮಾತ್ರ. ಎಳೆತ ಬೀಳುವ ಕಡೆ, ಅಂದರೆ ಮಹಡಿ ಮತ್ತು ಮಾಡಿಗೆ, ಮರವನ್ನೇ ಹಾಕುತ್ತಿದ್ದರು. ಕಬ್ಬಿಣವಿಲ್ಲ ಎಂದ ಮೇಲೆ ತುಕ್ಕು ಹಿಡಿದು ಕಾಂಕ್ರೀಟ್ ಸಿಡಿಯುವ ಗೋಳೂ ಇಲ್ಲ.

ಆ ಕಾಲದ ಕ್ರಮ ಹೀಗಿತ್ತು. ಜೋಸೆಫ್ ಟಾಲ್ ಎಂಬವರು 1865ರಲ್ಲಿ ಸೆಂಟ್ರಿಂಗ್ ಹಲಗೆಗಳ ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಆಮೇಲೆ ಕಬ್ಬಿಣದ ತಗಡಿನ ಸೆಂಟ್ರಿಂಗ್ ಕೂಡ ಬಂತು. ಎದುರುಬದುರು ಹಲಗೆ ನಿಲ್ಲಿಸಿ, ಅಡ್ಡಕ್ಕೆ ಬೋಲ್ಟ್ ಹಾಕಿ ಬಿಗಿದು, 1 ಪಾಲು ಸಿಮೆಂಟಿಗೆ 6ರಿಂದ 8 ಪಾಲು ಜಲ್ಲಿ ಮರಳು ಬೆರೆಸಿ ತುಂಬುವುದು. ನಡುನಡುವೆ ದಪ್ಪ ಕಲ್ಲುಗಳನ್ನೂ ಮುಳುಗಿಸುತ್ತಿದ್ದರು. ದಿನಕ್ಕೆ ಮನೆಯ ಸುತ್ತ ಸುಮಾರು 18 ಇಂಚು ಏರಿಸಿ, ಮರುದಿನ ಹಲಗೆ ಕಳಚಿ ಮೇಲಕ್ಕೆ ಕಟ್ಟುತ್ತಿದ್ದರು. ಹೊಗೆ ಹೋಗುವ ಕೊಳವೆಗೆ ಉರುಟು ಮರದ ತುಂಡು ನಿಲ್ಲಿಸಿ, ಕಾಂಕ್ರೀಟ್ ಬಿಗಿಯುವ ಮೊದಲೇ ಅದನ್ನು ಮೇಲಕ್ಕೆ ಎಳೆದುಕೊಳ್ಳುವುದು. ಇದಕ್ಕೆ ನುರಿತ ಗಾರೆಯವರು ಬೇಕಿಲ್ಲ, ಎಸ್ಟೇಟಿನ ಆಳುಗಳೇ ಸಾಕು ಎಂಬುದು ದೊಡ್ಡ ಆಕರ್ಷಣೆ. 1861ರ ಹೊತ್ತಿಗೆ ನ್ಯೂಟೌನಿಗೆ ರೈಲು ಬಂದಿದ್ದರಿಂದ ಸಿಮೆಂಟ್ ತರುವುದೂ ಸುಲಭವಾಯಿತು.

ಇಂಥ ಮನೆಗಳು ಕೆಡುವುದು ನಾಲ್ಕು ಕಡೆ. ಒಂದು, ದಿನದಿನದ ಕೆಲಸ ಸೇರುವ ಅಡ್ಡಗೆರೆ. ಅಲ್ಲಿ ಕೂದಲಷ್ಟು ಸೀಳು ಬಿಟ್ಟು ಮಳೆನೀರು ಹೊಗುತ್ತದೆ. ಎರಡು, ಬೋಲ್ಟ್ ತೆಗೆದ ತೂತು. ಮೇಲ್ಮೈಗೆ ಮಾತ್ರ ಗಾರೆ ಮೆತ್ತಿದ್ದರೆ ಒಳಗೆ ಪೊಳ್ಳಾಗಿ ನೀರಿಗೆ ಕೊಳವೆಯಾಗುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿ ನೋಡಿ: ಗಟ್ಟಿ ಜಾಗ ‘ಟಕ್’ ಎನ್ನುತ್ತದೆ, ಪೊಳ್ಳು ‘ದೊಬ್’ ಎನ್ನುತ್ತದೆ. ಮೂರು, ಜಲ್ಲಿಯ ಬದಲು ಕಲ್ಲಿದ್ದಲ ಕಿಟ್ಟ ಹಾಕಿದ್ದರೆ ಅದರಲ್ಲಿನ ಗಂಧಕ ತೇವ ಸಿಕ್ಕಾಗ ಉಬ್ಬಿಕೊಂಡು ಗೋಡೆಯನ್ನು ಸೀಳುತ್ತದೆ. ಹಾಗಾಗಿ ದುರಸ್ತಿಗೆ ಮೊದಲು ಒಂದೆರಡು ಕಡೆ ಕೊರೆದು ತೆಗೆದ ತುಂಡನ್ನು ಪರೀಕ್ಷಿಸುವುದು ಕಡ್ಡಾಯ. ನಾಲ್ಕನೆಯದು ಚಳಿಗಾಲದ್ದು: ನಡುವೆ ಪೊಳ್ಳಿಲ್ಲದ ಗೋಡೆ ತಣ್ಣಗಾಗಿ ಮನೆಯೊಳಗಿನ ಹಬೆ ಅದರ ಮೇಲೆ ಬೆವರಾಗುತ್ತದೆ. ಒಳಗಡೆ ಮರದ ನಾರಿನ ಹಲಗೆ ಅಥವಾ ಕಾರ್ಕ್ ಹಲಗೆಯನ್ನು ಗೋಡೆಗೆ ಸಂದಿಲ್ಲದೆ ಅಂಟಿಸಿ, ಅದರ ಮೇಲೆ ಸುಣ್ಣದ ಗಿಲಾವು ಮಾಡಿದರೆ ಬೆವರು ನಿಲ್ಲುತ್ತದೆ. ಅಲ್ಯುಮಿನಿಯಂ ಹಾಳೆ ಹೊದಿಸಿದ ಫೋಮ್ ಹಲಗೆಯನ್ನು ನಡುವೆ ಸಂದು ಬಿಟ್ಟು ಹೊಡೆದರೆ ಆ ಸಂದಿನಲ್ಲೇ ಬೂಷ್ಟು ಬೆಳೆಯುತ್ತದೆ.

ಪ್ರಶ್ನೆ: ವೆಲ್ಶ್‌ಪೂಲ್ ಹತ್ತಿರ 1860ರ ಆಸುಪಾಸಿನ ಎಸ್ಟೇಟ್ ಮನೆಯೊಂದನ್ನು ಕೊಂಡಿದ್ದೇವೆ. 9 ಇಂಚಿನ ಕೆಂಪು ಇಟ್ಟಿಗೆ ಗೋಡೆ. ಪಶ್ಚಿಮದ ಗೋಡೆಯ ಒಳಗೆ ನೆಲದಿಂದ ಮೂರು ಅಡಿ ತನಕ ತೇವ, ಉಪ್ಪು ಅರಳುತ್ತಿದೆ. ಗೋಡೆಗೆ ಕೆಮಿಕಲ್ ಇಂಜೆಕ್ಷನ್ ಕೊಟ್ಟು ಸಿಮೆಂಟ್ ಗಿಲಾವು ಮಾಡಬೇಕೆಂದು ಕಂಟ್ರಾಕ್ಟರ್ ಹೇಳುತ್ತಾರೆ. ಮಾಡಿಸಬಹುದೇ? (ಕನ್ನಡಿಗ ದಂಪತಿ, ವೇಲ್ಸ್)

ಈಗಲೇ ಮಾಡಿಸಬೇಡಿ. ಆ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಮಳೆ ಬಂದಾಗ ಒಂದಿಷ್ಟು ನೀರು ಕುಡಿದು, ಬಿಸಿಲು ಗಾಳಿ ಬಂದಾಗ ಇಟ್ಟಿಗೆಯ ಸಂದುಗಳ ಮೂಲಕ ಬಿಟ್ಟುಕೊಡುವುದು ಅದರ ಸ್ವಭಾವ. ಒಳಗೂ ಹೊರಗೂ ಸಿಮೆಂಟ್ ಹೊದಿಸಿದರೆ ಕುಡಿದ ನೀರು ಗೋಡೆಯಲ್ಲೇ ಉಳಿಯುತ್ತದೆ. ನೀವು ಹೇಳುವ ಮೂರು ಅಡಿಯ ತೇವ ಇನ್ನೂ ಮೇಲಕ್ಕೆ ಏರಬಹುದು, ಅಷ್ಟೆ.

ಮೊದಲು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ಅರ್ಧ ಗಂಟೆ ನಿಲ್ಲಿ. ಸೂರಿನ ದೋಣಿಯಿಂದ ನೀರು ಎಲ್ಲಿ ಉಕ್ಕುತ್ತಿದೆ ನೋಡಿ. ಬೀಡುಕಬ್ಬಿಣದ ಇಳಿಕೊಳವೆ ಸೀಳುವುದು ಹೆಚ್ಚಾಗಿ ಗೋಡೆಯ ಕಡೆಯ ಬೆನ್ನಿನಲ್ಲಿ, ಏಕೆಂದರೆ ಬಣ್ಣದ ಬ್ರಷ್ ಅಲ್ಲಿಗೆ ಹೋಗಿರುವುದೇ ಇಲ್ಲ. ಒಂದು ಸಣ್ಣ ಕನ್ನಡಿ ಹಿಡಿದು ಹಿಂಬದಿ ನೋಡಿ. ಹಸಿರು ಪಾಚಿ ಕಂಡರೆ ಅಲ್ಲೇ ಸೀಳಿದೆ.

ಎರಡನೆಯದು ಹೊರಗಿನ ನೆಲದ ಮಟ್ಟ. ನೂರೈವತ್ತು ವರ್ಷದ ಹೂದೋಟ, ಕಾಂಕ್ರೀಟು ಕಟ್ಟೆ, ಜಲ್ಲಿ ಹಾದಿ ಎಲ್ಲ ಸೇರಿ ನೆಲ ಏರಿರುತ್ತದೆ. ಅದು ಒಳಗಿನ ನೆಲಕ್ಕಿಂತ ಕನಿಷ್ಠ 150 ಮಿಲಿಮೀಟರ್ ತಗ್ಗಿರಬೇಕು. ಈ ಕಾಲದ ಕೆಲವು ಮನೆಗಳಲ್ಲಿ ಬುನಾದಿಗೆ ಸ್ವಲ್ಪ ಮೇಲೆ ತೇವ ತಡೆಯಲು ಎರಡು ಪದರ ಸ್ಲೇಟು ಹಾಸಿರುತ್ತಾರೆ. ಮಣ್ಣು ಅದಕ್ಕಿಂತ ಮೇಲೆ ಬಂದರೆ ಸ್ಲೇಟು ಇದ್ದೂ ಇಲ್ಲದಂತೆ. ಮಣ್ಣು ತೆಗೆಯಿರಿ, ಆದರೆ ಬುನಾದಿ ಕಾಣುವಷ್ಟು ಅಗೆಯಬೇಡಿ. ಆ ಕಾಲದ ಬುನಾದಿ ಆಳವಿರುವುದಿಲ್ಲ.

ಮೂರನೆಯದು ಪಾಯಿಂಟಿಂಗ್, ಅಂದರೆ ಇಟ್ಟಿಗೆಗಳ ನಡುವಿನ ಸಂದಿಗೆ ತುಂಬಿದ ಗಾರೆ. ಸಂದು ಬೂದು ಬಣ್ಣದಲ್ಲಿ ಗಟ್ಟಿಯಾಗಿ ನಿಂತು, ಇಟ್ಟಿಗೆಯ ಮುಖ ಹಿಂದಕ್ಕೆ ಸವೆದಿದ್ದರೆ ಯಾರೋ ಸಿಮೆಂಟ್ ತುಂಬಿದ್ದಾರೆ ಎಂದೇ ಅರ್ಥ. ನೀರು ಸಂದಿನಿಂದ ಹೊರಬರಲಾಗದೆ ಮೆತ್ತನೆಯ ಇಟ್ಟಿಗೆಯಿಂದ ಬರುತ್ತದೆ. ಹಿಮದಲ್ಲಿ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಚಕ್ಕೆಯಾಗಿ ಎಬ್ಬಿಸುತ್ತದೆ. ಸಿಮೆಂಟನ್ನು ಸುತ್ತಿಗೆ ಮತ್ತು ಸಪುರ ಉಳಿಯಿಂದ ಕೈಯಲ್ಲೇ ಬಿಡಿಸಬೇಕು. ಗ್ರೈಂಡರ್ ಹಿಡಿದರೆ ಇಟ್ಟಿಗೆಯ ಅಂಚು ಹೋಗುತ್ತದೆ, ಹೋದ ಅಂಚು ಮತ್ತೆ ಬರುವುದಿಲ್ಲ. ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿಲಿಮೀಟರ್ ಆಳಕ್ಕೆ ತೆಗೆದು, ಧೂಳು ಗುಡಿಸಿ, ನೀರು ಚಿಮುಕಿಸಿ, 1 ಪಾಲು ಸುಣ್ಣಕ್ಕೆ 3 ಪಾಲು ಒರಟು ಮರಳಿನ ಗಾರೆ ಒತ್ತಿ ತುಂಬಿ. ಮೆತ್ತನೆಯ ಇಟ್ಟಿಗೆಗೆ ಎನ್‌ಎಚ್‌ಎಲ್ 2 (ನೀರಿನಲ್ಲೂ ಬಿಗಿಯುವ ನೈಸರ್ಗಿಕ ಸುಣ್ಣ, ಅಂಕೆ ಹೆಚ್ಚಿದಷ್ಟೂ ಗಟ್ಟಿ) ಎಂಬ ಸುಣ್ಣ ಸಾಕು. ಮಳೆ ಗಾಳಿಗೆ ನೇರ ಒಡ್ಡಿಕೊಂಡ ಹೊಗೆಗೂಡಿಗೆ ಮಾತ್ರ 3.5 ಹಾಕಿ. ಏಪ್ರಿಲಿನಿಂದ ಸೆಪ್ಟೆಂಬರಿನೊಳಗೆ ಮಾಡಿಸಿ. 5 ಡಿಗ್ರಿಗಿಂತ ಚಳಿಯಿದ್ದರೆ ಸುಣ್ಣ ಬಿಗಿಯುವುದಿಲ್ಲ. ಒಂದು ವಾರ ಒದ್ದೆ ಗೋಣಿ ಇಳಿಬಿಟ್ಟಿರಬೇಕು. ಸುಣ್ಣದ ಗಾರೆಗೆ ನೀರುಣಿಸುವ ಈ ಕೆಲಸ ನಮ್ಮೂರ ಹಳೆಯ ಗಾರೆಯವರಿಗೆ ಹೇಳಿಕೊಡಬೇಕಾದದ್ದೇನಲ್ಲ.

ಮನೆಯೊಳಗಿನ ಹಬೆಯನ್ನೂ ಮರೆಯಬೇಡಿ. ದಿನಕ್ಕೆ ಎರಡು ಸಲ ಕುಕ್ಕರ್ ಕೂಗಿಸಿ, ರೇಡಿಯೇಟರ್ ಮೇಲೆ ಬಟ್ಟೆ ಒಣಗಿಸಿ, ಹಳೆಯ ಒಲೆಯ ಬಾಯಿ ಮುಚ್ಚಿಬಿಟ್ಟಿದ್ದರೆ ಆ ನೀರೆಲ್ಲ ತಣ್ಣನೆಯ ಪಶ್ಚಿಮ ಗೋಡೆಗೇ ಹೋಗುತ್ತದೆ. ಒಲೆಯ ಬಾಯಿಗೆ ಗಾಳಿಜಾಲರಿ ಹಾಕಿಸಿ, ಅಡುಗೆಮನೆಗೆ ಹೊರಕ್ಕೆ ಊದುವ ಫ್ಯಾನ್ ಇಡಿಸಿ.

ಕಂಟ್ರಾಕ್ಟರ್ ತೇವ ಅಳೆಯುವ ಮುಳ್ಳಿನ ಮೀಟರ್ ಚುಚ್ಚಿ ಕೆಂಪು ದೀಪ ತೋರಿಸಿದರೆ ಹೆದರಬೇಡಿ. ಗೋಡೆಯಲ್ಲಿ ಉಪ್ಪಿದ್ದರೆ ಒಣಗಿದಾಗಲೂ ಅದು ತೇವವೆಂದೇ ತೋರಿಸುತ್ತದೆ. ಉಪ್ಪು ಹಿಡಿದ ಒಳಗಿಲಾವನ್ನು ತೇವದ ಗೆರೆಗಿಂತ ಒಂದೆರಡು ಅಡಿ ಮೇಲಿನ ತನಕ ಕಿತ್ತು, ಹೊರಗಿನ ಕೆಲಸ ಮುಗಿದ ಮೇಲೆ ಒಣಗಲು ಬಿಡಿ. ಗೋಡೆ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎನ್ನುವ ಅಂದಾಜಿನಲ್ಲಿ ಒಣಗುತ್ತದೆ. ನಿಮ್ಮದು 9 ಇಂಚು. ಅವಸರ ಮಾಡದೆ ಆಮೇಲೆ ಸುಣ್ಣದ ಗಿಲಾವು ಮಾಡಿಸಿ. ಮನೆ ಸಂರಕ್ಷಿತ ಪಟ್ಟಿಯಲ್ಲಿದೆಯೇ ಎಂದು ವೇಲ್ಸ್ ಸರಕಾರದ ಪರಂಪರೆ ಸಂರಕ್ಷಣಾ ಸಂಸ್ಥೆಯಾದ ಕ್ಯಾಡುವಿನ ದಾಖಲೆಯಲ್ಲಿ ಮೊದಲೇ ನೋಡಿಕೊಳ್ಳಿ. ಇದ್ದರೆ ಸ್ಥಳೀಯ ಯೋಜನಾ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಮನೆಯ ಸ್ವರೂಪ ಬದಲಿಸುವುದು ಅಪರಾಧ.

ಪ್ರಶ್ನೆ: ಮಗಳ ಮನೆಯ ಸ್ಲೇಟುಗಳು ಒಂದೊಂದಾಗಿ ಜಾರುತ್ತಿವೆ. ಇಡೀ ಮಾಡು ಬದಲಿಸಬೇಕೇ? ಎಷ್ಟು ಸ್ಲೇಟು ಬೇಕಾದೀತು? (ಓದುಗರು, ಬೆಳಗಾವಿ)

ಜಾರುವುದು ಮೊಳೆಯ ದೋಷ. ಕಬ್ಬಿಣದ ಮೊಳೆ ತುಕ್ಕು ಹಿಡಿದು ತಲೆ ಉದುರುತ್ತದೆ. ವೇಲ್ಸಿನ ಸ್ಲೇಟು ಸ್ವತಃ ನೂರಾರು ವರ್ಷ ಬಾಳುತ್ತದೆ. ಬಿದ್ದ ಸ್ಲೇಟನ್ನು ಎತ್ತಿ ಬೆರಳಿಂದ ತಟ್ಟಿದಾಗ ಕಂಚಿನಂತೆ ದನಿ ಬಂದರೆ ಅದು ಇನ್ನೂ ಗಟ್ಟಿ, ಮತ್ತೆ ಹೊದಿಸಬಹುದು.

ಅಲ್ಲೊಂದು ಇಲ್ಲೊಂದು ಜಾರಿದ್ದರೆ ಉದ್ದನೆಯ ಕೊಕ್ಕೆಕತ್ತಿ ತೂರಿಸಿ ಉಳಿದ ಮೊಳೆ ಕತ್ತರಿಸುತ್ತಾರೆ. ಆಮೇಲೆ ಒಂದು ಇಂಚು ಅಗಲದ ಸೀಸದ ಅಥವಾ ತಾಮ್ರದ ಪಟ್ಟಿಯನ್ನು ರೀಪಿಗೆ ಹೊಡೆದು, ಸ್ಲೇಟು ಮೇಲೆ ಸರಿಸಿ, ಪಟ್ಟಿಯ ತುದಿಯನ್ನು ಸ್ಲೇಟಿನ ಕೆಳ ಅಂಚಿಗೆ ಮಡಿಚುತ್ತಾರೆ. ಐದರಲ್ಲಿ ಒಂದು ಭಾಗ ಜಾರಿದ್ದರೆ ಪೂರ್ತಿ ಬಿಚ್ಚಿ, ಅದೇ ಸ್ಲೇಟನ್ನು ತಾಮ್ರದ ಮೊಳೆಯಲ್ಲಿ ಮತ್ತೆ ಹೊದಿಸುವುದೇ ಲಾಭ.

ಸ್ಲೇಟಿನ ಅಳತೆಗಳಿಗೆ ಗಣಿಯವರು ಕುಲೀನ ಮನೆತನದ ಹೆಂಗಸರ ಬಿರುದು ಇಟ್ಟಿದ್ದರು: ‘ಡಚೆಸ್’ 24ಕ್ಕೆ 12 ಇಂಚು, ‘ಕೌಂಟೆಸ್’ 20ಕ್ಕೆ 10, ‘ಲೇಡಿ’ 16ಕ್ಕೆ 8. ನಿಮ್ಮ ಲೆಕ್ಕಕ್ಕೆ ಕೌಂಟೆಸ್ ಹಿಡಿಯೋಣ. ಒಂದರ ಮೇಲೊಂದು 3 ಇಂಚಿನ ಹೊದಿಕೆ ಬಿಟ್ಟರೆ ಉಳಿದ 17ರ ಅರ್ಧ, ಅಂದರೆ 8.5 ಇಂಚು ಮಾತ್ರ ಹೊರಗೆ ಕಾಣುತ್ತದೆ. ಹಾಗಾಗಿ ನೂರು ಚದರಡಿಗೆ, ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಒಂದು ಚದರಕ್ಕೆ, ಸುಮಾರು 170 ಬೇಕು. ಮಾಡಿನ ಎರಡು ಮಗ್ಗುಲೂ 24ಕ್ಕೆ 14 ಅಡಿಯಿದ್ದರೆ ಒಟ್ಟು 672 ಚದರಡಿ, ಸುಮಾರು 1,140 ಸ್ಲೇಟು. ಒಡೆತಕ್ಕೆಂದು ನೂರು ಹೆಚ್ಚು ಇಟ್ಟುಕೊಳ್ಳಿ.

ಮಾಡಿನ ಒಳಗಿನಿಂದ ಫೋಮ್ ಚಿಮ್ಮಿಸಿ ಸ್ಲೇಟು ಅಂಟಿಸುತ್ತೇವೆ ಎನ್ನುವವರನ್ನು ಒಪ್ಪಬೇಡಿ. ರೀಪುಗಳಿಗೆ ಗಾಳಿ ತಪ್ಪಿ ಕೊಳೆಯುತ್ತವೆ, ಮುಂದೆ ಮನೆ ಮಾರುವಾಗ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ. ಮಾಡಿನಲ್ಲಿ ಬಾವಲಿಗಳಿವೆಯೇ ಎಂದೂ ಮೊದಲು ನೋಡಿಸಿ. ಅವುಗಳ ನೆಲೆಗೆ ಕಾನೂನಿನ ರಕ್ಷಣೆಯಿದೆ.

ಪ್ರಶ್ನೆ: ಆ ಮನೆಗಳ ಕಕ್ಕಸು, ಕೊಟ್ಟಿಗೆಯ ಗೊಬ್ಬರಗಳನ್ನು ಏನು ಮಾಡುತ್ತಿದ್ದರು? (ಕೃಷಿಕರು, ಶಿರಸಿ)

ಹಲವು ಕಡೆ ಇದ್ದದ್ದು ಮಣ್ಣಿನ ಕಕ್ಕಸು. ಹೆನ್ರಿ ಮೌಲ್ ಎಂಬ ಪಾದ್ರಿ 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಪ್ರತಿ ಸಲ ಸುಮಾರು ಮುಕ್ಕಾಲು ಲೀಟರ್ ಒಣಮಣ್ಣು ಮೇಲೆ ಬೀಳಬೇಕು. ಮಣ್ಣು ತೋಟದ್ದಾಗಿದ್ದು ಪೂರ್ತಿ ಒಣಗಿರಬೇಕು. ಮರಳು ಹಾಕಿದರೆ ವಾಸನೆ ಹೋಗುವುದಿಲ್ಲ. ಆ ಗೊಬ್ಬರ ಹಿತ್ತಲಿಗೆ.

ನಿಮಗೆ ಹೆಚ್ಚು ಹಿಡಿಸುವುದು ಲೇಟನ್ ತೋಟದ ವ್ಯವಸ್ಥೆ. ಕೊಟ್ಟಿಗೆಯ ಗಂಜಲ, ಸಗಣಿ ನೀರನ್ನು ಯಂತ್ರದಿಂದ ಗುಡ್ಡದ ಮೇಲಿನ ಮೊಯೆಲ್ ಅ ಮಾಬ್ ಎಂಬಲ್ಲಿದ್ದ ತೊಟ್ಟಿಗೆ ಏರಿಸಿ, ಅಲ್ಲಿಂದ ಇಳಿಜಾರಿನಲ್ಲಿ ಕೊಳವೆಗಳ ಮೂಲಕ ಹೊಲಗಳಿಗೆ ಹರಿಸುತ್ತಿದ್ದರು. ಗೋಬರ್ ಗ್ಯಾಸಿನ ಸ್ಲರಿಯನ್ನು ಅಡಿಕೆ ತೋಟಕ್ಕೆ ಇಳಿಸುವ ನಿಮ್ಮ ಕಡೆಯ ಪದ್ಧತಿಯೂ ಇದೇ ತತ್ತ್ವದ್ದು. ಗುಡ್ಡ ಹತ್ತಲು ಹಳಿಯ ಮೇಲೆ ಎಳೆಯುವ ಗಾಡಿಯೂ ಅಲ್ಲಿತ್ತು.

ಪ್ರಶ್ನೆ: ಇಷ್ಟು ಒಳ್ಳೆಯ ಮನೆ ಸಿಕ್ಕ ಮೇಲೂ ವೇಲ್ಸಿನ ಒಕ್ಕಲುಗಳು ಜಮೀನ್ದಾರರ ಮೇಲೆ ಏಕೆ ಸಿಟ್ಟಾಗಿದ್ದರು? (ಓದುಗರು, ಮೈಸೂರು)

ಗೇಣಿ ವರ್ಷದಿಂದ ವರ್ಷಕ್ಕೆ ಮಾತ್ರ. ಆರು ತಿಂಗಳ ನೋಟಿಸು ಕೊಟ್ಟು ಬಿಡಿಸಬಹುದಿತ್ತು. ಮನೆ ಜಮೀನ್ದಾರನದಾದ್ದರಿಂದ ಹೊಲದ ಜೊತೆ ಸೂರೂ ಹೋಗುತ್ತಿತ್ತು. ಒಕ್ಕಲುಗಳು ಹೆಚ್ಚಾಗಿ ವೆಲ್ಶ್ ಮಾತಾಡುವವರು, ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟೆಂಟರ ಚಾಪೆಲ್‌ಗೆ ಹೋಗುವವರು. ಜಮೀನ್ದಾರರು ಇಂಗ್ಲಿಷ್ ಮಾತಾಡುವವರು, ಆಂಗ್ಲಿಕನ್ ಚರ್ಚಿನವರು. 1859ರ ಮೆರಿಯೊನೆತ್ ಚುನಾವಣೆಯಲ್ಲಿ ತಮ್ಮ ಇಷ್ಟದಂತೆ ನಡೆದುಕೊಳ್ಳದ ಒಕ್ಕಲುಗಳನ್ನು ರಿವ್ಲಾಸ್ ಮತ್ತು ವಿನ್‌ಸ್ಟೇ ಎಸ್ಟೇಟುಗಳು ಒಕ್ಕಲೆಬ್ಬಿಸಿದವು. 1868ರ ಚುನಾವಣೆಯ ನಂತರ ಕಾರ್ಡಿಗನ್‌ಶೈರ್, ಕಾರ್ಮಾರ್ದನ್‌ಶೈರ್‌ಗಳಲ್ಲಿ ಮತ್ತೆ ಹಾಗೇ ಆಯಿತು. ಮತ ಯಾರಿಗೆ ಎಂಬುದು ಆಗ ಬಹಿರಂಗವಾಗಿತ್ತು. ಗುಪ್ತ ಮತದಾನ ಬಂದದ್ದು 1872ರಲ್ಲಿ. ವೇಲ್ಸಿನ ಭೂಮಿಯ ಬಗ್ಗೆ 1893ರಲ್ಲಿ ರಾಯಲ್ ಕಮಿಷನ್ ನೇಮಕವಾಗಿ 1896ರಲ್ಲಿ ವರದಿ ಕೊಟ್ಟಿತು. ಮನೆಗಳ ಗುಣಮಟ್ಟವನ್ನು ಮೆಚ್ಚುವಾಗ ಈ ಭಯವನ್ನೂ ಜೊತೆಗಿಟ್ಟೇ ನೋಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ಪೆನ್ರಿನ್ ಕೋಟೆಯ ಬಾಗಿಲಲ್ಲಿರುವ ಚೆಂದದ ಲಾಂಡಗೈ ಗ್ರಾಮ ಕಟ್ಟಿಸಿದ ಮನೆತನವೇ 1900ರಿಂದ 1903ರ ತನಕ ಸ್ಲೇಟು ಗಣಿಯ ಕಾರ್ಮಿಕರ ಸಂಘವನ್ನು ಒಪ್ಪದೆ ಹಟ ಹಿಡಿದು ನಿಂತಿತ್ತು.

ಪ್ರಶ್ನೆ: ಮುಂದಿನ ವರ್ಷ ವೇಲ್ಸಿಗೆ ಹೋಗುತ್ತಿದ್ದೇವೆ. ಇವನ್ನು ಎಲ್ಲಿ ನೋಡಬಹುದು? (ಓದುಗರು, ಬೆಂಗಳೂರು)

ಉತ್ತರದಲ್ಲಿ ಕಾನ್ವಿ ನದಿಯ ಮೇಲ್ದಂಡೆಯ ಅಸ್ಬಿಟಿ ಇವಾನ್‌ಗೆ ಹೋಗಿ. ಪೆನ್ರಿನ್ ಎಸ್ಟೇಟಿನ ಹಳ್ಳಿಯದು. 1951ರಲ್ಲಿ ಮರಣ ತೆರಿಗೆಯ ಬದಲು ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟಿಗೆ ಬಂತು. ಲೇಟನ್ನಿನಲ್ಲಿ 1861ರ ಕೋಳಿಮನೆ ಇದೆ. ಹಳೆಯ ಕಟ್ಟಡಗಳನ್ನು ಉಳಿಸುವ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅದನ್ನೂ ಜೊತೆಗಿರುವ ಪುಟ್ಟ ಮನೆಯನ್ನೂ ದುರಸ್ತಿ ಮಾಡಿದ್ದು, ಆ ಮನೆಯನ್ನು ತಂಗಲು ಬಾಡಿಗೆಗೆ ಕೊಡುತ್ತದೆ. ಇಂದು ಊರೂರ ಬೇಲಿಯಾಗಿರುವ ಲೇಲ್ಯಾಂಡ್ ಸೈಪ್ರೆಸ್ ಮರ 1888ರಲ್ಲಿ ಮೊದಲು ಕಂಡದ್ದೂ ಲೇಟನ್ನಿನಲ್ಲೇ. ಗ್ರೆಗನಾಗ್ ಬಂಗಲೆ 1920ರಲ್ಲಿ ಕಲಾಪೋಷಕ ಡೇವಿಸ್ ಸೋದರಿಯರ ಕೈಗೆ ಬಂದು, ಆಮೇಲೆ ವೇಲ್ಸ್ ವಿಶ್ವವಿದ್ಯಾಲಯಕ್ಕೆ ಸೇರಿತು. ಅಲ್ಲಿಂದ ಟ್ರೆಗನನ್ ಹಳ್ಳಿಗೆ ನಡೆದೇ ಹೋಗಬಹುದು. ಮನೆಗಳಲ್ಲಿ ಜನ ವಾಸವಿದ್ದಾರೆ, ರಸ್ತೆಯಲ್ಲೇ ನಿಂತು ನೋಡಿ. ಎಸ್ಟೇಟ್ ಮನೆಗಳಲ್ಲಿ ಮೊದಲು ಹುಡುಕಬೇಕಾದದ್ದು ತ್ರಿಕೋನ ಗೋಡೆಯ ನೆತ್ತಿಯ ಕೆಳಗೆ ಕೂರಿಸಿದ ಇಸವಿಯ ಕಲ್ಲು, ಕೆಲವು ಕಡೆ ಅದರ ಪಕ್ಕದಲ್ಲೇ ಜಮೀನ್ದಾರನ ಹೆಸರಿನ ಮೊದಲಕ್ಷರಗಳು. ಕಾಂಕ್ರೀಟ್ ಗೋಡೆಯಾದರೆ ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿ, ಒಂದೊಂದು ದಿನದ ಕೆಲಸದ ಅಡ್ಡಗೆರೆ ಕಣ್ಣಿಗೆ ಬೀಳಬಹುದು.